ಅರಿವಳಿಕೆ ವೈದ್ಯನೂ ಒಂದು ಬಟ್ಟಲು ಸಜ್ಜಿಗೆಯೂ

“ಗುರುಗಳೇ, ತನ್ನ ಕೆಲಸ ತಾನು ಬಲ್ಲವನಿಗೆ ಸಂಘ ಯಾತಕ್ಕೆ?” ಎಂದು ಶಿಷ್ಯ ಕೇಳಿದ.

ಶಿಷ್ಯ ವೃತ್ತಿಯಲ್ಲಿ ಅರಿವಳಿಕೆ ವೈದ್ಯ. ಆಪರೇಷನ್ನಿಗೆ ಮೊದಲು ರೋಗಿಯ ಪ್ರಜ್ಞೆ ತಪ್ಪಿಸುವುದು, ಮುಗಿದ ಮೇಲೆ ಎಬ್ಬಿಸುವುದು, ನಡುವೆ ಅವನ ಉಸಿರನ್ನು ಕಾಯುವುದು ಅವನ ಕೆಲಸ. ಜಿಲ್ಲೆಯ ಅರಿವಳಿಕೆ ವೈದ್ಯರ ಸಂಘದವರು ಕಾರ್ಯದರ್ಶಿಯಾಗೆಂದು ಅವನ ದುಂಬಾಲು ಬಿದ್ದಿದ್ದರು. ಸಂಘವೆಂದರೆ ಹಾರ, ಶಾಲು, ಗುಂಪಿನ ಫೋಟೋ, ಆಮೇಲೆ ಊಟ. ಇಷ್ಟಕ್ಕೆ ಒಂದು ಭಾನುವಾರ ದಂಡ ಎಂಬುದು ಅವನ ವಾದ. ಗುರುಗಳು ವಾದಕ್ಕೆ ವಾದ ಹೂಡುವವರಲ್ಲ. ಅವರು ಕತೆ ಹೇಳಿದರು.

ಒಂದೂರಿನಲ್ಲಿ ನಿನ್ನಂಥವನೇ ಒಬ್ಬ ಅರಿವಳಿಕೆ ವೈದ್ಯನಿದ್ದ. ಕೆಲಸದಲ್ಲಿ ಪಳಗಿದವನು. ಅವನಿಗಿದ್ದ ದುಃಖ ಒಂದೇ. ವಾಸಿಯಾದ ರೋಗಿ ಸರ್ಜನ್ನರ ಕಾಲಿಗೆ ಬೀಳುತ್ತಿದ್ದ, ನರ್ಸಮ್ಮನಿಗೆ ಕೈ ಮುಗಿಯುತ್ತಿದ್ದ, ಇವನನ್ನು ಮಾತ್ರ ಇವರು ಯಾರ ಕಡೆಯವರೋ ಎಂಬಂತೆ ನೋಡುತ್ತಿದ್ದ. ಪಾಪ, ರೋಗಿಯದೇನು ತಪ್ಪು? ಇವನು ಕೆಲಸ ಮಾಡುವಷ್ಟು ಹೊತ್ತೂ ಅವನಿಗೆ ಎಚ್ಚರವೇ ಇರುವುದಿಲ್ಲ. ಹಾಗಾಗಿ ವೈದ್ಯ ಬೇರೊಂದು ದಾರಿಯಲ್ಲಿ ಹೆಸರು ಮಾಡಿಕೊಂಡಿದ್ದ. ಅವನ ಕೈಯಲ್ಲಿ ಇವತ್ತಿನವರೆಗೆ ಯಾರಿಗೂ ಏನೂ ಆಗಿಲ್ಲ ಎಂಬ ಮಾತು ಜಿಲ್ಲೆಯ ಸರ್ಜನ್ನರಲ್ಲೆಲ್ಲ ಹಬ್ಬಿತ್ತು. ಎಲ್ಲರೂ ಅವನನ್ನೇ ಕರೆಸುತ್ತಿದ್ದರು. ಆ ಒಂದು ಮಾತಿನ ಮೇಲೆ ಅವನ ಸಂಸಾರ ನಡೆಯುತ್ತಿತ್ತು.

ಒಮ್ಮೆ ಅವನನ್ನು ಕರೆಸಿದ್ದ ಆಸ್ಪತ್ರೆಗೆ ಒಬ್ಬ ವರ್ತಕ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಬಂದ. ಹಣೆಯ ತುಂಬ ಕುಂಕುಮ, ಮುಖದಲ್ಲಿ ಕಳೆ. ಬೆಳಿಗ್ಗೆಯಿಂದ ಏನಾದರೂ ತಿಂದಿರಾ ಎಂದು ವೈದ್ಯ ಕೇಳಿದ. ಒಂದು ಅಗುಳೂ ಇಲ್ಲ ಎಂದು ವರ್ತಕ ಎದೆ ಮುಟ್ಟಿಕೊಂಡು ಹೇಳಿದ. ವೈದ್ಯ ನಂಬಿ ಮದ್ದು ಕೊಟ್ಟ. ಕೊಟ್ಟ ಸ್ವಲ್ಪ ಹೊತ್ತಿಗೇ ವರ್ತಕನ ಗಂಟಲಿನಿಂದ ಸಜ್ಜಿಗೆ ಉಕ್ಕಿ ಬಂತು. ತುಪ್ಪ, ಬಾಳೆಹಣ್ಣು, ದ್ರಾಕ್ಷಿ, ಗೋಡಂಬಿ, ಯಾವುದಕ್ಕೂ ಕೊರತೆ ಇರಲಿಲ್ಲ.

ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಜ್ಞೆ ತಪ್ಪಿದವನಿಗೆ ಕೆಮ್ಮಲು ಬರುವುದಿಲ್ಲ. ಹೊಟ್ಟೆಯಿಂದ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಇಳಿದರೆ ಮನುಷ್ಯ ಹೋದ ಹಾಗೆಯೇ. ವೈದ್ಯ ಹಾಸಿಗೆಯ ತಲೆಯ ಭಾಗವನ್ನು ತಗ್ಗಿಸಿದ, ವರ್ತಕನ ಮುಖವನ್ನು ಪಕ್ಕಕ್ಕೆ ಹೊರಳಿಸಿದ, ಗಂಟಲಿಗೆ ನಳಿಕೆ ಇಟ್ಟು ಎಲ್ಲವನ್ನೂ ಹೀರಿ ತೆಗೆದ. ಸರ್ಜನ್ನರು ಕೈ ತೊಳೆದು ಒಳಗೆ ಬರುವಷ್ಟರಲ್ಲಿ ವರ್ತಕ ಸರಿಯಾಗಿ ಉಸಿರಾಡುತ್ತಿದ್ದ. ಉಸಿರು ಸಿಕ್ಕಿಕೊಂಡಿದ್ದದ್ದು ವೈದ್ಯನಿಗೆ.

ವರ್ತಕ ಎಚ್ಚರಗೊಂಡ ಮೇಲೆ ವೈದ್ಯ ಅವನ ಬಳಿಗೆ ಹೋದ.

“ಏನೂ ತಿಂದಿಲ್ಲ ಅಂದಿದ್ದಿರಲ್ಲ ಯಜಮಾನರೇ?”

“ತಿಂದಿಲ್ಲ ಸ್ವಾಮಿ. ಆಪರೇಷನ್ನು ಸುಸೂತ್ರವಾಗಲಿ ಅಂತ ಬೆಳಿಗ್ಗೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ವಿ. ಒಂದು ಬಟ್ಟಲು ಪ್ರಸಾದ ಕೊಟ್ಟರು. ಅದು ದೇವರದ್ದು, ತಿಂಡಿ ಲೆಕ್ಕಕ್ಕೆ ಬರುತ್ತಾ?”

ವೈದ್ಯ ಎದ್ದು ಬಂದ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಹೆಂಡತಿಯ ಹತ್ತಿರವೂ ಬಿಡಲಿಲ್ಲ. ಅಂದಿನಿಂದ ಅವನು ರೋಗಿಗಳನ್ನು ಪ್ರಸಾದದಿಂದ ಹಿಡಿದು ಎಲೆಯಡಿಕೆಯವರೆಗೆ ಒಂದೊಂದನ್ನೂ ಕೆದಕಿ ಕೇಳತೊಡಗಿದ. ತಾನು ಕಲಿತೆನಲ್ಲ, ಸಾಕು ಎಂದುಕೊಂಡ.

ಆ ಜಿಲ್ಲೆಯ ಸಂಘಕ್ಕೆ ಒಂದು ಪದ್ಧತಿ ಇತ್ತು. ಊಟದ ಎಲೆ ಹಾಕುವ ಮೊದಲು ಪ್ರತಿಯೊಬ್ಬರೂ ತಮ್ಮ ಒಂದು ತಪ್ಪನ್ನು ಹೇಳಬೇಕು, ಕೇಳಿದವರು ಅದನ್ನು ಹೊರಗೆ ಆಡಬಾರದು. ಸಂಘ ಕಟ್ಟಿದ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಇದನ್ನು ಮಾಡಿದ್ದರು. ಆದರೆ ನಾಲ್ಕು ಜನರ ಎದುರು ನಿಜವಾದ ತಪ್ಪನ್ನು ಹೇಳಲು ಯಾರಿಗೆ ಹುಚ್ಚು? ತಾನು ಎಂದೂ ರಜೆ ಹಾಕದಿರುವುದೇ ತನ್ನ ದೊಡ್ಡ ತಪ್ಪು ಎಂದು ಒಬ್ಬ ಹೇಳುತ್ತಿದ್ದ. ತಾನು ಅಗತ್ಯಕ್ಕಿಂತ ಹೆಚ್ಚು ಎಚ್ಚರ ವಹಿಸುತ್ತೇನೆ ಎಂದು ಇನ್ನೊಬ್ಬ ಒಪ್ಪಿಕೊಳ್ಳುತ್ತಿದ್ದ. ಸರ್ಜನ್ನರ ಮಾತನ್ನು ಬೇಗ ನಂಬಿಬಿಡುತ್ತೇನೆ ಎಂದವನಿಗೆ ಚಪ್ಪಾಳೆಯೂ ಬೀಳುತ್ತಿತ್ತು. ಆಮೇಲೆ ಎಲ್ಲರೂ ಹಗುರವಾಗಿ ಊಟಕ್ಕೆ ಏಳುತ್ತಿದ್ದರು.

ಒಂದು ಭಾನುವಾರ ಅಲ್ಲಿ ನಮ್ಮ ವೈದ್ಯನಿಗೇ ಸನ್ಮಾನ. ಕಳಂಕವಿಲ್ಲದ ಸೇವೆಗಾಗಿ. ಅಧ್ಯಕ್ಷರು ಅವನಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಎರಡು ಮಾತಾಡಿ ಎಂದರು. ಅಷ್ಟರಲ್ಲಿ ಪಕ್ಕದ ತಾಲ್ಲೂಕಿನ ವೈದ್ಯೆಯೊಬ್ಬಳು ಚೀಲ ಹೆಗಲಿಗೇರಿಸಿಕೊಂಡು ಎದ್ದು ನಿಂತಳು.

“ಕ್ಷಮಿಸಿ ಸರ್, ನಾನು ಹೊರಡಬೇಕು. ನಾಳೆ ನಮ್ಮೂರಿನ ರಿಟೈರ್ಡ್ ಹೆಡ್‌ಮಾಸ್ಟರಿಗೆ ಹರ್ನಿಯಾ ಆಪರೇಷನ್ನು. ಬೆಳಿಗ್ಗೆ ಮನೇಲಿ ಸತ್ಯನಾರಾಯಣ ಪೂಜೆ ಮುಗಿಸಿಕೊಂಡು ನೇರ ಆಸ್ಪತ್ರೆಗೇ ಬರ್ತಾರೆ. ಏನೂ ತಿನ್ನಬೇಡಿ ಅಂತ ಅವರಿಗೆ ಎರಡನೇ ಸಲ ಹೇಳಬೇಕಾಗಿಲ್ಲ. ಜನ್ಮದಲ್ಲಿ ಸುಳ್ಳಾಡಿದವರಲ್ಲ,” ಎಂದಳು.

ವೈದ್ಯನಿಗೆ ವರ್ತಕನ ಸಜ್ಜಿಗೆ ನೆನಪಾಯಿತು. ಆಮೇಲೆ ಅವಳನ್ನು ಬಾಗಿಲ ಹೊರಗೆ ಹಿಡಿದು ಹೇಳಿದರಾಯಿತು ಎಂದುಕೊಂಡ. ನಿಮಗೆ ಹೇಗೆ ಗೊತ್ತು ಎಂದು ಅವಳು ಕೇಳದೆ ಬಿಡುವುದಿಲ್ಲ. ಸಂಜೆ ಫೋನು ಮಾಡೋಣ ಎಂದುಕೊಂಡ. ಫೋನಿನಲ್ಲಿಯೂ ಅವಳು ಅದನ್ನೇ ಕೇಳುತ್ತಾಳೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು ಒಂದು ಕಡೆ. ಗುರುತಿಲ್ಲದ ಒಬ್ಬ ಮೇಷ್ಟರ ಪ್ರಾಣ ಇನ್ನೊಂದು ಕಡೆ. ಶಾಲು ಹೊಸದು, ಬೆಚ್ಚಗಿತ್ತು. ಅವಳು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿದ್ದಳು.

ವೈದ್ಯ ಶಾಲು ತೆಗೆದು ಮೇಜಿನ ಮೇಲಿಟ್ಟ. ಅಮ್ಮಾ ಸ್ವಲ್ಪ ನಿಲ್ಲಿ ಎಂದ. ವರ್ತಕನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ, ಗೋಡಂಬಿಯನ್ನೂ ಬಿಡದೆ ಹೇಳಿದ. ಇನ್ನು ಮುಂದೆ ಯಾವ ಸರ್ಜನ್ನೂ ತನ್ನನ್ನು ಕರೆಯುವುದಿಲ್ಲ ಎಂದು ಅವನು ತಲೆ ತಗ್ಗಿಸಿ ನಿಂತ.

ಆಗ ಅಧ್ಯಕ್ಷರು ಕೆಮ್ಮಿದರು. ನನ್ನದು ಪಂಚಾಮೃತ, ಚೊಂಬುಗಟ್ಟಲೆ ಎಂದರು. ಹಿಂದಿನ ಸಾಲಿನಿಂದ ಒಬ್ಬ, ನನ್ನ ರೋಗಿ ಏಕಾದಶಿ ಆಚರಿಸುವವರು, ಅನ್ನ ಮುಟ್ಟಿರಲಿಲ್ಲ, ಬರೀ ಉಪ್ಪಿಟ್ಟು ಮತ್ತು ಅವಲಕ್ಕಿ ಎಂದ. ಇನ್ನೊಬ್ಬನ ರೋಗಿ ಕಾಫಿ ಮಾತ್ರ ಕುಡಿದಿದ್ದರು, ಆದರೆ ಅದಕ್ಕೆ ಒಂದು ಪೌಂಡು ಬ್ರೆಡ್ಡನ್ನು ಅದ್ದಿಕೊಂಡಿದ್ದರು. ಎಂದೂ ರಜೆ ಹಾಕದ ವೈದ್ಯ ಕಣ್ಣೊರೆಸಿಕೊಂಡು, ನನ್ನ ರೋಗಿ ಉಳಿಯಲಿಲ್ಲ ಎಂದ. ಒಂದೇ ಹಳ್ಳಕ್ಕೆ ಎಲ್ಲರೂ ಬಿದ್ದಿದ್ದರು, ಎದ್ದು ಮೈ ಕೊಡವಿಕೊಂಡು, ಯಾರೂ ನೋಡಲಿಲ್ಲ ಎಂದುಕೊಂಡು ಮನೆಗೆ ಹೋಗಿದ್ದರು. ಅಂದು ಸಾರು ಆರಿ ತಣ್ಣಗಾಯಿತು. ವೈದ್ಯೆ ಚೀಲ ಕೆಳಗಿಟ್ಟು ಕೂತಿದ್ದಳು.

ಮರುದಿನ ಹೆಡ್‌ಮಾಸ್ಟರು ಕುಂಕುಮ ಇಟ್ಟುಕೊಂಡು ಬಂದರು. ಏನೂ ತಿಂದಿಲ್ಲ ಎಂದರು. ಪ್ರಸಾದ ಎಷ್ಟಾಯಿತು ಎಂದು ವೈದ್ಯೆ ಕೇಳಿದಳು. ಅವರು ಸುಳ್ಳಾಡುವವರಲ್ಲ, ಎರಡು ಬಟ್ಟಲು ಎಂದರು. ಆಪರೇಷನ್ನು ಮುಂದಕ್ಕೆ ಹೋಯಿತು. ಆಕೆಗೆ ದೇವರಲ್ಲಿ ನಂಬಿಕೆಯಿಲ್ಲ, ಪ್ರಸಾದ ಕಂಡರಾಗುವುದಿಲ್ಲ ಎಂದು ಮೇಷ್ಟರು ಊರೆಲ್ಲ ದೂರಿಕೊಂಡು ತಿರುಗಿದರು. ಹಾಗೆ ದೂರಿಕೊಂಡು ತಿರುಗಲು ಅವರು ಬದುಕಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕ, ಆದರೆ ಸೋಲಲು ಸಿದ್ಧನಿರಲಿಲ್ಲ.

“ಕತೆ ಚೆನ್ನಾಗಿದೆ ಗುರುಗಳೇ. ಆದರೆ ಪ್ರಸಾದದ ವಿಷಯ ಕೇಳದೆ ನಾನು ಯಾರಿಗೂ ಮದ್ದು ಕೊಡುವುದಿಲ್ಲ. ಓದುವಾಗಲೇ ನಮಗೆ ಅದನ್ನು ಬಾಯಿಪಾಠ ಮಾಡಿಸಿದ್ದರು. ನನ್ನ ಕೈಯಲ್ಲಿ ಅಂಥದ್ದು ಒಂದೂ ಆಗಿಲ್ಲ.”

ಗುರುಗಳು ಹೇಳಿದರು: “ಹಾಗಾದರೆ ನಿನಗಿಂತ ಮೊದಲು ಯಾರೋ ಬಾಯಿ ಬಿಟ್ಟಿದ್ದಾರೆ.”