ದನಿ ಹೋದ ಹಾರನ್, ಚೂರು ಹೋದ ಇರುವೆ

ಅಂಗನವಾಡಿಯ ಮೆಟ್ಟಿಲ ಸಂದಿಯಲ್ಲಿ ಒಂದು ಇರುವೆ. ಕಪ್ಪಿರುವೆ. ಹೆಸರು ಚಿಟುಕಿ. ಮನೆಯಲ್ಲಿ ನಲವತ್ತು ಮರಿ.

ದಿನಾ ಬೆಳಿಗ್ಗೆ ಬನ್ನಿನ ಗಾಡಿ ಬರುತ್ತಿತ್ತು. ಪೋಂ ಪೋಂ ಅನ್ನುತ್ತಿತ್ತು. ಟೀಚರಮ್ಮ ಬಾಗಿಲು ತೆಗೆಯುತ್ತಿದ್ದರು. ಮಕ್ಕಳು ಓಡುತ್ತಿದ್ದರು. ಬನ್ನು ತಿನ್ನುತ್ತಿದ್ದರು. ಚೂರು ಬೀಳುತ್ತಿತ್ತು. ಚಿಟುಕಿ ಹೊತ್ತು ತರುತ್ತಿದ್ದಳು.

ಒಂದು ದಿನ ಚೂರು ಬೀಳಲಿಲ್ಲ. ಒಂದೇ ಒಂದು ಚೂರೂ ಇಲ್ಲ.

ನಲವತ್ತು ಮರಿ "ಅವ್ವಾ, ಹಸಿವು" ಅಂದವು.

ಚಿಟುಕಿ ಪಾರವ್ವನ ಹತ್ತಿರ ಹೋದಳು. ಪಾರವ್ವನಿಗೆ ನಾಲ್ಕು ವರ್ಷ. ಮೂಗು ಸೋರುತ್ತಿತ್ತು.

"ಪಾರವ್ವ, ಪಾರವ್ವ, ಚೂರು ಯಾಕೆ ಬೀಳಿಸಲಿಲ್ಲ?"

"ಬನ್ನೇ ಇಲ್ಲ. ಚೂರು ಎಲ್ಲಿಂದ ಉದುರಲಿ, ನನ್ನ ಮೂಗಿನಿಂದಲೇ? ಹಾರನ್ ಕೂಗಿದರೆ ಟೀಚರಮ್ಮ ಬಾಗಿಲು ತೆಗೆಯುತ್ತಾರೆ. ಹಾರನ್ ಕೂಗಲಿಲ್ಲ. ಹಾರನ್ನನ್ನೇ ಕೇಳು, ಹೋಗು!"

ಚಿಟುಕಿ ಬಾಗಿಲ ಕೆಳಗೆ ನುಸುಳಿದಳು. ಗೋಡೆಯ ತಿರುವಿಗೆ ಬಂದಳು. ನೋಡಿದರೆ, ಬನ್ನಿನ ಗಾಡಿ ಅಲ್ಲೇ ನಿಂತಿದೆ! ಇಂಜಿನ್ ಢಗಢಗ ಅನ್ನುತ್ತಿದೆ. ನಿಲ್ಲಿಸಿದರೆ ಮತ್ತೆ ಶುರುವಾಗದು, ಅದಕ್ಕೇ ನಿಲ್ಲಿಸಿಲ್ಲ. ಡ್ರೈವರ್ ಫಕೀರಪ್ಪಣ್ಣ ಹಾರನ್ ಒತ್ತುತ್ತಿದ್ದಾನೆ. ಫುಸ್! ಮತ್ತೆ ಒತ್ತುತ್ತಾನೆ. ಫುಸ್! ಬಾಯಲ್ಲೇ ಕೂಗಿದರೆ ಆ ಢಗಢಗದಲ್ಲಿ ಯಾರಿಗೂ ಕೇಳದು. ಇಳಿದು ಹೋದರೆ ಬೇಲಿಯ ಮೇಲೆ ಕಾದು ಕೂತ ಕೋತಿಗಳು ಒಂದು ಬನ್ನೂ ಉಳಿಸವು.

ಚಿಟುಕಿ ಗಾಡಿ ಹತ್ತಿದಳು.

"ಹಾರನ್ ಮಾವ, ಹಾರನ್ ಮಾವ, ಯಾಕೆ ಕೂಗಲಿಲ್ಲ? ನೀನು ಕೂಗದೆ ಮಕ್ಕಳಿಗೆ ಬನ್ನಿಲ್ಲ. ಮಕ್ಕಳಿಗೆ ಬನ್ನಿಲ್ಲದೆ ನನಗೆ ಚೂರಿಲ್ಲ."

"ಕೂಗಲಾರೆ. ಬ್ಯಾಟರಿ ಅಜ್ಜಿ ಕರೆಂಟು ಕೊಟ್ಟರೆ ನನಗೆ ದನಿ. ಅಜ್ಜಿ ಕೊಡಲಿಲ್ಲ. ಅಜ್ಜಿಯನ್ನೇ ಕೇಳು, ಹೋಗು!"

ಚಿಟುಕಿ ಹೋದಳು.

"ಬ್ಯಾಟರಿ ಅಜ್ಜಿ, ಬ್ಯಾಟರಿ ಅಜ್ಜಿ, ಯಾಕೆ ಕರೆಂಟು ಕೊಡಲಿಲ್ಲ? ನೀನು ಕೊಡದೆ ಹಾರನ್ನಿಗೆ ದನಿಯಿಲ್ಲ. ಹಾರನ್ನಿಗೆ ದನಿಯಿಲ್ಲದೆ ಮಕ್ಕಳಿಗೆ ಬನ್ನಿಲ್ಲ. ಮಕ್ಕಳಿಗೆ ಬನ್ನಿಲ್ಲದೆ ನನಗೆ ಚೂರಿಲ್ಲ."

"ಕೊಡಲಾರೆ. ನನ್ನದೇ ಹೊಟ್ಟೆ ಬೆನ್ನಿಗೆ ಹತ್ತಿದೆ. ಡೈನಮೋ ಅಣ್ಣ ಉಣಿಸಿದರೆ ನನಗೆ ಊಟ. ಅವನು ಉಣಿಸಲಿಲ್ಲ. ಅವನನ್ನೇ ಕೇಳು, ಹೋಗು!"

ಚಿಟುಕಿ ಹೋದಳು. ಡೈನಮೋ ಅಣ್ಣ ಗರಗರ ಸುತ್ತುತ್ತಿದ್ದ. ಇಂಜಿನ್ನಿನ ಬೆಲ್ಟು ಅವನನ್ನು ಸುತ್ತಿಸುತ್ತಿತ್ತು.

"ಡೈನಮೋ ಅಣ್ಣ, ಡೈನಮೋ ಅಣ್ಣ, ಯಾಕೆ ಉಣಿಸಲಿಲ್ಲ? ನೀನು ಉಣಿಸದೆ ಬ್ಯಾಟರಿಗೆ ಊಟವಿಲ್ಲ. ಬ್ಯಾಟರಿಗೆ ಊಟವಿಲ್ಲದೆ ಹಾರನ್ನಿಗೆ ದನಿಯಿಲ್ಲ. ಹಾರನ್ನಿಗೆ ದನಿಯಿಲ್ಲದೆ ಮಕ್ಕಳಿಗೆ ಬನ್ನಿಲ್ಲ. ಮಕ್ಕಳಿಗೆ ಬನ್ನಿಲ್ಲದೆ ನನಗೆ ಚೂರಿಲ್ಲ."

"ಉಣಿಸಲಾರೆ. ಸುಮ್ಮನೆ ಸುತ್ತಿದರೆ ಕರೆಂಟು ಹುಟ್ಟುತ್ತದೆಯೇ? ನನ್ನೊಳಗೆ ತಂತಿಯ ಸುರುಳಿ ಇದೆ. ಅದು ಅಯಸ್ಕಾಂತ ಆಗಬೇಕು. ರೆಗ್ಯುಲೇಟರ್ ಅತ್ತೆ ಒಂದು ಗುಟುಕು ಕರೆಂಟು ಬಿಟ್ಟರೆ ಆಗುತ್ತದೆ. ಅತ್ತೆ ಬಿಡಲಿಲ್ಲ. ಅತ್ತೆಯನ್ನೇ ಕೇಳು, ಹೋಗು!"

ರೆಗ್ಯುಲೇಟರ್ ಅತ್ತೆ ಡೈನಮೋ ಅಣ್ಣನ ಬೆನ್ನ ಮೇಲೇ ಇದ್ದಳು. ಆ ಮನೆಯ ಸೌಟು ಅವಳ ಕೈಯಲ್ಲಿ. ಅಜ್ಜಿಗೆ ಹಸಿವಾದರೆ "ಬಡಿಸು" ಅನ್ನುವವಳು ಅವಳೇ. ಹೊಟ್ಟೆ ತುಂಬಿದರೆ "ಸಾಕು" ಅನ್ನುವವಳೂ ಅವಳೇ. ಸಾಕು ಅನ್ನದಿದ್ದರೆ ಅಜ್ಜಿ ಉಂಡು ಉಂಡು ಕುದ್ದೇ ಹೋಗುತ್ತಾಳೆ. ಅಂಥ ಅತ್ತೆ ಈಗ ಗೊರಗೊರ ಮಲಗಿದ್ದಳು.

"ರೆಗ್ಯುಲೇಟರ್ ಅತ್ತೆ, ರೆಗ್ಯುಲೇಟರ್ ಅತ್ತೆ, ಯಾಕೆ ಏಳಲಿಲ್ಲ? ನೀನು ಏಳದೆ ಡೈನಮೋಗೆ ಬಲವಿಲ್ಲ. ಡೈನಮೋಗೆ ಬಲವಿಲ್ಲದೆ ಬ್ಯಾಟರಿಗೆ ಊಟವಿಲ್ಲ. ಬ್ಯಾಟರಿಗೆ ಊಟವಿಲ್ಲದೆ ಹಾರನ್ನಿಗೆ ದನಿಯಿಲ್ಲ. ಹಾರನ್ನಿಗೆ ದನಿಯಿಲ್ಲದೆ ಮಕ್ಕಳಿಗೆ ಬನ್ನಿಲ್ಲ. ಮಕ್ಕಳಿಗೆ ಬನ್ನಿಲ್ಲದೆ ನನಗೆ ಚೂರಿಲ್ಲ."

"ಆಕಳಿಕೆ ಬರುತ್ತಿದೆ, ಮೆಲ್ಲಗೆ ಮಾತಾಡು. ಕೀಲಿ ತಿರುಗಿಸಿದಾಗ ಕೆಂಪು ಬಲ್ಬಿನ ಮೂಲಕ ಚಿಕ್ಕ ಕರೆಂಟು ಬಂದು ನನ್ನನ್ನು ತಟ್ಟಬೇಕು. ಬಲ್ಬು ತಟ್ಟಲಿಲ್ಲ. ಬಲ್ಬನ್ನೇ ಕೇಳು, ಹೋಗು!"

ಚಿಟುಕಿ ಸ್ಟೇರಿಂಗ್ ಹತ್ತಿರ ಹೋದಳು. ಬಲ್ಬಿನ ಜಾಗದಲ್ಲಿ ಬರೀ ತೂತು! ಮೇಲೆ ನೋಡಿದಳು. ಮುಂದಿನ ಗಾಜಿನ ಹತ್ತಿರ ದೇವರ ಫೋಟೋ. ಫೋಟೋದ ಮುಂದೆ ಬೇರೆ ತಂತಿಗೆ ಸಿಕ್ಕಿಸಿದ ಕೆಂಪು ಬಲ್ಬು. ಮಿಣ ಮಿಣ.

"ಬಲ್ಬು ತಂಗಿ, ಬಲ್ಬು ತಂಗಿ, ಯಾಕೆ ತಟ್ಟಲಿಲ್ಲ? ನೀನು ತಟ್ಟದೆ ಅತ್ತೆಗೆ ಎಚ್ಚರವಿಲ್ಲ. ಅತ್ತೆಗೆ ಎಚ್ಚರವಿಲ್ಲದೆ ಡೈನಮೋಗೆ ಬಲವಿಲ್ಲ. ಡೈನಮೋಗೆ ಬಲವಿಲ್ಲದೆ ಬ್ಯಾಟರಿಗೆ ಊಟವಿಲ್ಲ. ಬ್ಯಾಟರಿಗೆ ಊಟವಿಲ್ಲದೆ ಹಾರನ್ನಿಗೆ ದನಿಯಿಲ್ಲ. ಹಾರನ್ನಿಗೆ ದನಿಯಿಲ್ಲದೆ ಮಕ್ಕಳಿಗೆ ಬನ್ನಿಲ್ಲ. ಮಕ್ಕಳಿಗೆ ಬನ್ನಿಲ್ಲದೆ ನನಗೆ ಚೂರಿಲ್ಲ."

"ಇಲ್ಲಿಂದ ಹೇಗೆ ತಟ್ಟಲಿ? ನನಗೇನು ಕೈ ಇದೆಯೇ, ಕಾಲಿದೆಯೇ? ಫಕೀರಪ್ಪಣ್ಣ ಕಿತ್ತ. ಫಕೀರಪ್ಪಣ್ಣ ಇಲ್ಲಿಟ್ಟ. ಅವನನ್ನೇ ಕೇಳು, ಹೋಗು!"

ಚಿಟುಕಿ ಫಕೀರಪ್ಪಣ್ಣನ ಕಿವಿ ಹತ್ತಿದಳು.

"ಫಕೀರಪ್ಪಣ್ಣ, ಫಕೀರಪ್ಪಣ್ಣ, ಬಲ್ಬು ಯಾಕೆ ಕಿತ್ತೆ? ಬಲ್ಬಿಲ್ಲದೆ ಅತ್ತೆಗೆ ಎಚ್ಚರವಿಲ್ಲ. ಅತ್ತೆಗೆ ಎಚ್ಚರವಿಲ್ಲದೆ ಡೈನಮೋಗೆ ಬಲವಿಲ್ಲ. ಡೈನಮೋಗೆ ಬಲವಿಲ್ಲದೆ ಬ್ಯಾಟರಿಗೆ ಊಟವಿಲ್ಲ. ಬ್ಯಾಟರಿಗೆ ಊಟವಿಲ್ಲದೆ ಹಾರನ್ನಿಗೆ ದನಿಯಿಲ್ಲ. ಹಾರನ್ನಿಗೆ ದನಿಯಿಲ್ಲದೆ ಮಕ್ಕಳಿಗೆ ಬನ್ನಿಲ್ಲ. ಮಕ್ಕಳಿಗೆ ಬನ್ನಿಲ್ಲದೆ ನನಗೆ ಚೂರಿಲ್ಲ."

"ಆ ಬಲ್ಬೇ? ಕೀಲಿ ತಿರುಗಿಸಿದರೆ ಸಾಕು, ನನ್ನ ಮೇಲೆ ಕೆಂಗಣ್ಣು ಬಿಡುತ್ತಿತ್ತು. ಬೆಳಗಾಗೆದ್ದು ಕೆಂಗಣ್ಣು ಬಿಡಲು ಮನೆಯಲ್ಲಿ ಹೆಂಡತಿ ಇದ್ದಾಳಲ್ಲ! ಅದಕ್ಕೇ ಕಿತ್ತೆ. ದೇವರ ಮುಂದಿಟ್ಟೆ."

"ಅದು ಕೆಂಗಣ್ಣಲ್ಲಣ್ಣ. ಅತ್ತೆಯನ್ನು ಎಬ್ಬಿಸುವ ದಾರಿ. ತೆಗೆದು ತೂತಿನಲ್ಲಿ ಹಾಕು."

"ಅಯ್ಯೋ! ದೇವರಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳುವುದೇ? ಆಗದು, ಆಗದು!"

"ದೇವರು ಬಲ್ಬು ಬೇಡಿದನೇ? ಅಂಗನವಾಡಿಯ ಮಕ್ಕಳು ಹಸಿದಿದ್ದಾರೆ. ನನ್ನ ನಲವತ್ತು ಮರಿ ಹಸಿದಿವೆ. ಇಷ್ಟು ಹೊಟ್ಟೆ ಹಸಿದಿರುವಾಗ ದೇವರು ದೀಪ ನೋಡುತ್ತಾ ಕೂರುತ್ತಾನೆಯೇ?"

ಫಕೀರಪ್ಪಣ್ಣ ತಲೆ ಕೆರೆದುಕೊಂಡ. ದೇವರನ್ನು ನೋಡಿದ. ದೇವರು ಫೋಟೋದಲ್ಲಿ ನಗುತ್ತಿದ್ದ. ಬನ್ನನ್ನು ನೋಡಿದ. ಬನ್ನು ಆರಿ ತಣ್ಣಗಾಗಿತ್ತು. ಕಿಟಕಿಯಿಂದ ಕೈ ಚಾಚಿದ. ಬೇಲಿಯ ಕಣಗಿಲೆ ಹೂ ಕಿತ್ತ. ದೇವರ ಮುಂದಿಟ್ಟ. "ತಪ್ಪಾಯಿತಪ್ಪ" ಅಂದ. ಬಲ್ಬು ತೆಗೆದ. ತೂತಿನಲ್ಲಿ ಹಾಕಿದ.

ಬಲ್ಬು ಕೆಂಪಗೆ ಕಣ್ಣು ಬಿಟ್ಟಿತು. ಅತ್ತೆಯನ್ನು ತಟ್ಟಿತು.

ಅತ್ತೆ ಎದ್ದಳು. ಒಂದು ಗುಟುಕು ಕರೆಂಟು ಬಿಟ್ಟಳು.

ಸುರುಳಿ ಅಯಸ್ಕಾಂತವಾಯಿತು. ಡೈನಮೋ ಅಣ್ಣನಿಗೆ ಬಲ ಬಂತು. ಬಲ್ಬಿಗೆ ಇನ್ನು ತಟ್ಟುವ ಕೆಲಸವಿಲ್ಲ, ಹಾಯಾಗಿ ಕಣ್ಣು ಮುಚ್ಚಿತು.

ಡೈನಮೋ ಅಣ್ಣ ಉಣಿಸಿದ. ಬ್ಯಾಟರಿ ಅಜ್ಜಿ ಉಂಡಳು.

ಅಜ್ಜಿ ಕರೆಂಟು ಕೊಟ್ಟಳು. ಹಾರನ್ ಮಾವ ಕೂಗಿದ.

ಪೋಂ! ಪೋಂ! ಪೋಂ!

ಟೀಚರಮ್ಮ ಬಾಗಿಲು ತೆಗೆದರು. ಮಕ್ಕಳು ಓಡಿದರು. ಬನ್ನು ತಿಂದರು. ಚೂರು ಬಿತ್ತು. ಇಲ್ಲೊಂದು ಚೂರು, ಅಲ್ಲೊಂದು ಚೂರು.

ಪಾರವ್ವ ಮೆಟ್ಟಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ತನ್ನ ಬನ್ನು ಮುರಿದಳು. ಒಂದು ದೊಡ್ಡ ತುಂಡು ಸಂದಿಯ ಮುಂದಿಟ್ಟಳು.

"ಇದು ಬಿದ್ದದ್ದಲ್ಲ ಚಿಟುಕಿ. ಕೊಟ್ಟದ್ದು."

ಚಿಟುಕಿ ಅದನ್ನು ಕಚ್ಚಿಕೊಂಡು ಮರಿಗಳ ಹತ್ತಿರ ಓಡಿದಳು. ಬಾಯಿ ತುಂಬ ಬನ್ನಿತ್ತು.