ದುಂಡಪ್ಪನ ಗಂಟು, ಕಾಶವ್ವನ ತಂಬಿಗಿ

ಹ್ಞೂಂ ಅನ್ರಿ ಮೊದಲ. ಹ್ಞೂಂ ಅನ್ನಾಕ ಬ್ಯಾಸರಾದವರು ಎದ್ದು ಹೋಗಿ ಮಲಕೋರಿ, ನನ್ನ ಗಂಟಲಾ ಏನು ಬಿಟ್ಟಿ ಬಂದಿಲ್ಲ. ಅಂದ್ರಾ? ಹಂಗಾದ್ರ ಕೇಳ್ರಿ.

ಒಂದೂರು. ಊರಾಗ ಕುಂಬಾರ ಓಣಿ. ಓಣ್ಯಾಗ ಕಾಶವ್ವ ಅಂತ ಒಬ್ಬಾಕಿ. ಗಂಡ ಹೋಗಿ ಇಪ್ಪತ್ತು ವರ್ಷ, ಖಾನಾವಳಿಗೆ ರೊಟ್ಟಿ ಬಡದು ಹೊಟ್ಟಿ ಹೊರಕೋತಿದ್ಲು. ಆಕಿಗೊಬ್ಬ ಮಗ, ದುಂಡಪ್ಪ. ಆಳು ನೋಡಿದ್ರ ಬಾಗಲಾ ತುಂಬತಾನ, ಬುದ್ಧಿ ನೋಡಿದ್ರ ಬೊಗಸಿ ತುಂಬಂಗಿಲ್ಲ. ಹೇಳಿದ್ದು ಹೇಳಿದಂಗ ಮಾಡ್ತಾನ. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮಿ ಇಲ್ಲ. ಅದಽ ಅವನ ಗುಣಾ, ಅದಽ ಕಾಶವ್ವನ ಕರ್ಮ.

ಆ ಊರಾಗ ನಳ ಬರೂದು ಎಂಟು ದಿನಕ್ಕೊಮ್ಮೆ. ಎಂಟು ಅನ್ನೂದು ಹೆಸರಿಗೆ! ಏಳಕ್ಕ ಬಂದ್ರೂ ಬಂತು, ಹನ್ನೊಂದಕ್ಕ ಬಂದ್ರೂ ಬಂತು. ಮುಂಜಾನೆ ಬಂದ್ರೂ ಬಂತು, ಉಣ್ಣೂ ಹೊತ್ತಿಗೆ ಬಂದ್ರೂ ಬಂತು. ಕಾಯ್ಕೋತ ಕುಂತ್ರ ರೊಟ್ಟಿ ಇಲ್ಲ, ರೊಟ್ಟಿಗೆ ಹೋದ್ರ ನೀರಿಲ್ಲ. ನೀರು ತಪ್ಪಿದ್ರ ಮುಂದಿನ ಪಾಳಿ ತನಕ ಕೊಡಾ ಹಿಡಕೊಂಡು ಮಂದಿ ಬಾಗಲಕ್ಕ ನಿಂದ್ರಬೇಕು.

ಒಂದಿನ ಕಾಶವ್ವ ರೊಟ್ಟಿಗೆ ಹೊಂಟ್ಲು. "ಮಗನ ದುಂಡ್ಯಾ, ನಳ ಬರ್ತೈತೇನು ನೋಡ್ಕೋತ ಕೂಡು."

"ಹ್ಞೂಂ ಯವ್ವಾ."

ಸಂಜಿಮುಂದ ಬಂದು ನೋಡ್ತಾಳ, ಅಂಗಳ ತುಂಬ ಕೆಸರು, ಕೊಡಾ ಎಲ್ಲಾ ಒಣಾ ಒಣಾ.

"ನಳ ಬಂದಿತ್ತೇನೋ?"

"ಬಂದಿತ್ತಬೇ! ಮೊದಲ ಸಣ್ಣಗ ಸುರು ಆತು, ಆಮ್ಯಾಲ ಜೋರು ಆತು, ಎರಡು ತಾಸು ಹರೀತು. ಒಂದು ಹನಿ ಬಿಡದ ನೋಡಿದ್ನಿ!"

"ನೋಡಿದ್ಯಾ? ತುಂಬಲಿಲ್ಲಾ?"

"ನೋಡು ಅಂದಿ, ನೋಡಿದ್ನಿ. ತುಂಬು ಅಂದಿದ್ದೇನು?"

ಕಾಶವ್ವ ಹಣಿ ಹಣಿ ಬಡಕೊಂಡ್ಲು. "ಹಾಳಾದವನ! ಬಂದದ್ದನ್ನ ಹಿಡಕೋಬೇಕೋ, ಬಿಡಬಾರದೋ! ತಿಳೀತಾ?"

"ತಿಳೀತು ಯವ್ವಾ. ಬಂದದ್ದನ್ನ ಹಿಡಕೋಬೇಕು, ಬಿಡಬಾರದು."

ಈ ದುಂಡಪ್ಪ ಸರಕಾರಿ ಸಾಲ್ಯಾಗ ಗಂಟಿ ಹೊಡ್ಯಾಂವ. ಅದಽ ಸಾಲ್ಯಾಗ ಕಂಪ್ಯೂಟರ್ ಕಲಸಾಕ ಹಸೀನಾ ಅಕ್ಕೋರು ಅಂತ ಇದ್ರು. ಅವರ ಹೊಟ್ಟಿ ತಣ್ಣಗಿರಲಿ! ಓಣಿ ಹೆಣ್ಮಕ್ಕಳ ಗೋಳು ನೋಡಲಾರದ ಸಾಲಿಯ ಹಳೇ ಕಂಪ್ಯೂಟರಿನಾಗ ಒಂದು ಪುಟ ಮಾಡಿಟ್ಟಿದ್ರು. ನೀರು ಬಿಡೂ ಯಮನೂರಪ್ಪ ವಾಲ್ ತಿರುಗಿಸೂ ಮೊದಲ ತನ್ನ ಫೋನಿನಾಗ ಓಣಿ ಹೆಸರು ಒತ್ತಬೇಕು. ಯಾರರೆ ತಮ್ಮ ಫೋನಿನಾಗ ಪುಟ ತೆಗದ್ರ, ಇವತ್ತು ಇಂಥಾ ಓಣಿಗೆ ನೀರು ಅಂತ ಕಾಣಬೇಕು. ಕೇಳಿದವರಿಗೆಲ್ಲಾ ಹಿಂಗ ಪುಟ ಕೊಡೂ ಯಂತ್ರಕ್ಕ ಸರ್ವರ್ ಅಂತಾರ.

ಖರೆ ಆ ಸರ್ವರ್ ಸುಖಾ ಕೊಡಲಿಲ್ಲ. ಒಮ್ಮೆ ತನಗ ಹೊಸಾದು ಏನೋ ಹಾಕಬೇಕು ಅಂತ ಹಟಾ ಹಿಡೀತಿತ್ತು. ಒಮ್ಮೆ ಎಲ್ಲಿದೋ ಕಳ್ಳರು ಒಳಗ ಹೊಕ್ಕು ನೀರಿನ ಸುದ್ದಿ ಅಳಿಸಿ ಜಾಹೀರಾತು ಅಂಟಿಸಿ ಹೋಗತಿದ್ರು. ವಾರಕ್ಕೆರಡು ಸಲ ಬೀಳೂದು, ಅಕ್ಕೋರು ಎಬ್ಬಿಸೂದು. ಅಷ್ಟರಾಗ ಅಕ್ಕೋರಿಗೆ ವರ್ಗ ಆತು! ಬರೂ ಶನಿವಾರ ಹನ್ನೆರಡರ ಬಸ್ಸಿಗೆ ಹೋಗಬೇಕು.

ಓಣಿ ಹೆಣ್ಮಕ್ಕಳು ಸಾಲಿಗೆ ಓಡಿ ಬಂದ್ರು. ಅಕ್ಕೋರು ಹೋದ್ರು ಅಂದ್ರ ಪುಟಾ ಹೋತು, ಪುಟಾ ಹೋದ್ರ ಮತ್ತ ಒಣಾ ನಳದ ಮುಂದ ಕುಂದ್ರೂದಽ. ಕಾಶವ್ವ ಸೆರಗಿನಾಗ ಕಣ್ಣು ಒರಿಸಿಕೊಂಡ್ಲು.

"ಅಳಬ್ಯಾಡ್ರಿ," ಅಂದ್ರು ಅಕ್ಕೋರು. "ಯಾರೂ ನೋಡದಿದ್ರೂ ತಾನಽ ನಡಿಯೂ ಸರ್ವರ್ ಒಂದು ಕಟ್ಟಿಸಿ ಹೋಗ್ತೀನಿ. ನನಗ ಪರೀಕ್ಷಿ ಕೆಲಸ ಐತಿ. ನಾ ಹೇಳ್ತೀನಿ, ದುಂಡಪ್ಪ ಕಟ್ಟಲಿ."

"ಯಾರು, ನಮ್ಮ ದುಂಡ್ಯಾನಾ!" ಹೆಣ್ಮಕ್ಕಳು ಕೊಕ್ಕಂತ ನಕ್ಕರು. ಕಾಶವ್ವನೂ ನಕ್ಕಳು, ಸುಳ್ಳ್ಯಾಕ ಹೇಳ್ಲಿ.

"ನಗಬ್ಯಾಡ್ರಿ. ಎರಡು ವರ್ಷ ಕಲಸೀನಿ, ಒಂದಕ್ಷರ ತಪ್ಪು ಒತ್ತಿಲ್ಲ. ಕಂಪ್ಯೂಟರಿಗೂ ಹೇಳಿದ್ದಷ್ಟಽ ತಿಳೀತೈತಿ, ಅವನಿಗೂ ಹೇಳಿದ್ದಷ್ಟಽ ತಿಳೀತೈತಿ. ಇಬ್ಬರಿಗೂ ಛಲೋ ಹೊಂದತೈತಿ."

ಸೋಮವಾರ ದುಂಡಪ್ಪ ಅದಽ ಹಳೇ ಕಂಪ್ಯೂಟರಿನಾಗ ಸರ್ವರಿನ ಪ್ರೋಗ್ರಾಮ್ ಬರದ. ಚಾಲೂ ಮಾಡಿದ. ಊರಾಗ ಯಾರ ಫೋನ್ ನೋಡಿದ್ರೂ ಬರೇ ಗಾಲಿ ಗಿರಗಿರಾ ತಿರಗತೈತಿ, ಪುಟ ಬರವಲ್ದು! ಅಕ್ಕೋರು ಓಡಿ ಬಂದ್ರು.

"ಏನು ಮಾಡಿದಿಯೋ ದುಂಡಪ್ಪಾ?"

"ಕೇಳಾಕ ಬಂದವರನ್ನ ಹಿಡಕೊಂಡೀನ್ರಿ ಅಕ್ಕೋರ! ಒಬ್ಬರನ್ನೂ ಬಿಟ್ಟಿಲ್ಲ. ನೂರಾ ಎಂಟು ಮಂದಿ ಒಳಗ ಅದಾರ!"

"ಅಯ್ಯ ನನ ಶಿವನ! ಯಾರು ಹೇಳಿದ್ರೋ ನಿನಗ?"

"ನಮ್ಮವ್ವ ಹೇಳ್ಯಾಳ್ರಿ. ಬಂದದ್ದನ್ನ ಹಿಡಕೋಬೇಕು, ಬಿಡಬಾರದು."

"ಅದು ನೀರಿಗೋ! ಇಲ್ಲಿ ಬಂದವರು ಏನು ಕೇಳ್ತಾರ, ಅದಕ್ಕಷ್ಟಽ ಉತ್ತರ ಕೊಡು, ಬಾಗಲಾ ಹಾಕು! ಹಿಂದಿನವರಿಗೆ ಪಾಳಿ ಬರಬೇಕಲ್ಲ?"

"ತಿಳೀತ್ರಿ. ಕೇಳಿದ್ದಕ್ಕಷ್ಟಽ ಉತ್ತರ, ಬಾಗಲಾ ಹಾಕೂದು."

ಮತ್ತ ಬರದ, ಸರಿ ಆತು. ಖರೆ ಮಂಗಳವಾರ ಕಾಶವ್ವನ ಅಣ್ಣ ಚನಬಸಪ್ಪ ದೂರದ ಊರಿಂದ ಬಂದ. ಹೆಗಲ ಮ್ಯಾಲ ತಂಗಿಗಂತ ಶೇಂಗಾದ ಚೀಲ. ಕಾಶವ್ವ ಹಿತ್ತಲದಾಗಿದ್ಲು. ದುಂಡಪ್ಪ ಕದಾ ತೆಗದ.

"ಏನೋ ಅಳಿಯಾ, ಅವ್ವ ಅದಾಳೇನು?"

"ಅದಾಳ ಮಾವಾ." ಧಡಾರ್! ಕದಾ ಹಾಕಿದ.

ಮತ್ತ ಬಡದ ಮಾವ. "ಆರಾಮ ಇದ್ದೀಯೇನೋ?"

"ಆರಾಮ." ಧಡಾರ್!

"ಲೇ, ಬಿಸಲಾಗ ಬಂದೀನಿ, ಕುಡ್ಯಾಕ ನೀರರೆ ಐತೇನೋ?"

"ಐತಿ." ಧಡಾರ್!

ಸಪ್ಪಳಾ ಕೇಳಿ ಕಾಶವ್ವ ಓಡಿ ಬರೂದ್ರಾಗ ಅಣ್ಣ ಚೀಲಾ ಹೊತಗೊಂಡು ಓಣಿ ತಿರುವು ದಾಟಿದ್ದ. ಕೈ ಮುಗದು, ಕಾಲು ಮುಟ್ಟಿ, ಕರಕೊಂಡು ಬಂದು ಉಣ್ಣಿಸಿ ಕಳಿಸಿದ್ಲು. ಆಮ್ಯಾಲ ಮಗನ ಕಡೆ ತಿರುಗಿದ್ಲು.

"ಎಮ್ಮಿ ಹಂಗ ಬೆಳದಿ, ಬಂದವರಿಗೆ ಬಾಗಲಾ ಹಾಕ್ತಾರೇನೋ! ಬಂದವರಿಗೆ ಏನೇನು ಬೇಕಾಗತೈತೋ ಎಲ್ಲಾ ಮೊದಲಽ ತಯಾರ ಇಟಗೊಂಡಿರಬೇಕು! ಕೇಳೂದಕ್ಕಿಂತ ಮೊದಲ!"

"ತಿಳೀತು ಯವ್ವಾ. ಏನೇನು ಬೇಕಾಗತೈತೋ ಎಲ್ಲಾ ತಯಾರ."

ಮುಂದಿಂದು ನೀವಽ ಹೇಳ್ರಿ! ಹ್ಞಾಂ, ಬುಧವಾರ ಸಾಲಿಗೆ ಹೋದ, ಸರ್ವರಿನ ಜೋಡಿ ಸಿಕ್ಕಿದ್ದೆಲ್ಲಾ ತುಂಬಿದ. ಹಾಡು ಕೇಳೂದು ತುಂಬಿದ, ಚಿತ್ರ ಬರಿಯೂದು ತುಂಬಿದ, ಕಾಗದ ಛಾಪಿಸೂದು ತುಂಬಿದ, ಇಸ್ಪೀಟು ಆಡೂದು ತುಂಬಿದ. ಆ ಹಳೇ ಕಂಪ್ಯೂಟರ್ ಹುಸ್ ಅಂತು, ಭುಸ್ ಅಂತು, ಬಿಸಿ ಆಗಿ ಕುಂತಲ್ಲೇ ಕುಂತು.

"ಇಸ್ಪೀಟು ಯಾಕೋ?" ಅಕ್ಕೋರು ತಲಿ ಹಿಡಕೊಂಡ್ರು.

"ನೀರು ಯಾವಾಗ ಅಂತ ಕೇಳಾಕ ಬಂದವರು, ನಳ ಬರೂ ತನಕ ಒಂದು ಆಟಾ ಆಡ್ತೀನಿ ಅಂದ್ರ?"

ಅಕ್ಕೋರಿಗೆ ನಗು ಬಂತು, ಅಳೂನೂ ಬಂತು. ಉಳದದ್ದು ಮೂರು ದಿನ. ಅವನ್ನ ಎದುರಿಗೆ ಕುಂದ್ರಿಸಿಕೊಂಡ್ರು. "ನೋಡು ದುಂಡಪ್ಪಾ. ನಿಮ್ಮವ್ವ ಜಾತ್ರಿಗೆ ಹೊಂಟಾಗ ಒಲಿ, ಹಂಚು, ಕೊಡಾ, ಬೀಸೂ ಕಲ್ಲು ಎಲ್ಲಾ ಹೊತಗೊಂಡು ಹೋಗ್ತಾಳೇನು?"

"ಇಲ್ರಿ. ಬುತ್ತಿ ಕಟಗೊಂಡು ಹೋಗ್ತಾಳ. ರೊಟ್ಟಿ, ಚಟ್ನಿ, ಉಳ್ಳಾಗಡ್ಡಿ."

"ಹೌದಲ್ಲ? ಕಂಪ್ಯೂಟರ್ ನಡೀಬೇಕಂದ್ರ ಅದರಾಗ ಆಪರೇಟಿಂಗ್ ಸಿಸ್ಟಮ್ ಅಂತ ಒಂದು ದೊಡ್ಡ ಸಂಸಾರ ಇರತೈತಿ. ನಮ್ಮ ಸರ್ವರಿಗೆ ಆ ಸಂಸಾರ ಪೂರಾ ಬ್ಯಾಡ. ಅದರಾಗಿಂದು ತನಗ ಬೇಕಾದ ನಾಕು ತುಣುಕು ಅಷ್ಟಽ ತಗೊಂಡು, ಸರ್ವರಿನ ಜೋಡಿ ಕೂಡಿಸಿ ಒಂದಽ ಗಂಟು ಕಟ್ಟಬೇಕು. ಇದಕ್ಕ ಯುನಿಕರ್ನೆಲ್ ಅಂತಾರ. ಒಂದು ಗಂಟು, ಒಂದು ಕೆಲಸ. ಒಂದೊಂದಾಗಿ ತೆಗಿ. ತೆಗದ ಮ್ಯಾಲೂ ಕೆಲಸ ನಡೀತಂದ್ರ ಅದು ಬ್ಯಾಡಾದ್ದು. ಬ್ಯಾಡಾದ್ದೆಲ್ಲಾ ಹೊರಗ!"

"ತಿಳೀತ್ರಿ. ಒಂದು ಕೆಲಸ. ಬ್ಯಾಡಾದ್ದೆಲ್ಲಾ ಹೊರಗ."

ಗುರುವಾರ ಸಾಲಿ ಸೂಟಿ ಇತ್ತು. ಕಾಶವ್ವ ಖಾನಾವಳಿಯಿಂದ ಬಂದು ನೋಡ್ತಾಳ, ತನ್ನ ಮನಿ ಓಣ್ಯಾಗ ಬಂದು ಬಿದ್ದೈತಿ! ಹಾಸಿಗಿ ಹೊರಗ, ಟ್ರಂಕು ಹೊರಗ, ಗಡಿಯಾರ ಹೊರಗ, ಸತ್ತ ಗಂಡನ ಫೋಟೋನೂ ಹೊರಗ. ಒಳಗ ಹಣಿಕಿ ಹಾಕಿದ್ರ ಒಲಿ, ಹಂಚು, ಹಿಟ್ಟು ನಾದೂ ಕೊಮಣಿಗಿ, ಹಿಟ್ಟಿನ ಡಬ್ಬಿ, ಒಂದು ಕೊಡಾ ನೀರು. ಮತ್ತೇನೂ ಇಲ್ಲ. ದುಂಡಪ್ಪ ಹೊರಗ ಟ್ರಂಕಿನ ಮ್ಯಾಲ ಬಿಸಲಾಗ ಕುಂತಾನ.

"ಏನಪಾ ಇದು, ಮನಿ ಹರಾಜಿಗೆ ಇಟ್ಟೀಯೇನೋ!"

"ಈ ಮನ್ಯಾಗ ಒಂದಽ ಕೆಲಸಬೇ, ರೊಟ್ಟಿ ಆಗೂದು. ಹಾಸಿಗಿ ಇಲ್ಲದಿದ್ರೂ ರೊಟ್ಟಿ ಆಗತೈತಿ. ಗಡಿಯಾರ ಇಲ್ಲದಿದ್ರೂ ಆಗತೈತಿ. ಬ್ಯಾಡಾದ್ದೆಲ್ಲಾ ಹೊರಗ."

"ನನ್ನನ್ನೂ ಹೊರಗ ಹಾಕ್ಬಿಡು, ಮುಗದು ಹೋಗ್ಲಿ!"

"ಛೇ, ನೀ ಒಳಗ ಬೇಕಬೇ. ನೀ ಇಲ್ಲದ ರೊಟ್ಟಿ ಹೆಂಗಾಗತಾವ? ನಾ ಇಲ್ಲದಿದ್ರ ಆಗತಾವ. ಅದಕ್ಕಽ ನಾ ಹೊರಗ ಬಂದು ಕುಂತೀನಿ."

ಕಾಶವ್ವ ಅವನ ಮುಂದ ಬಂದು ನಿಂತ್ಲು. ಇಪ್ಪತ್ತು ವರ್ಷ ಈ ಕೂಸನ್ನ ಪೆದ್ದ ಅಂದಾಳ, ಮಂಕ ಅಂದಾಳ, ನೀ ಯಾತಕ್ಕ ಬೇಕೋ ಅಂದಾಳ. ಅಂವ ಅದನ್ನೂ ಖರೆ ಅಂತ ತಿಳಕೊಂಡು ಬಿಸಲಾಗ ಕುಂತಾನ! ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ, ಆದ್ರ ಆ ಮುದ್ದು ಬಾಯಿಬಿಟ್ಟು ಹೇಳಬೇಕಲ್ರೀ. ಕಾಶವ್ವ ಅವನ ತಲಿ ಎದಿಗೆ ಒತ್ತಿಕೊಂಡು ಅತ್ತಳು.

"ಹುಚ್ಚಪ್ಪಾ, ನೀ ಇದ್ದೀ ಅಂತ ನಾ ರೊಟ್ಟಿ ಬಡೀತೀನೋ. ನೀ ಇರದಿದ್ರ ಯಾರಿಗಂತ ಒಲಿ ಹಚ್ಚಲಿ? ನೀ ಬೇಕು ನನಗ. ಮೊದಲ ನೀ ಒಳಗ ನಡಿ."

"ಹಂಗಾದ್ರ ಹಾಸಿಗಿ?"

"ಅದೂ ಬೇಕು! ಅಕ್ಕೋರು ಹೇಳಿದ್ದು ಸಾಲ್ಯಾಗ ಮಾಡು, ನಾ ಹೇಳಿದ್ದು ಮನ್ಯಾಗ ಮಾಡು. ಕಲಸಬ್ಯಾಡ!"

ನೋಡ್ರಿ, ಅವನ ಜನ್ಮದಾಗ ಬಂದ ಒಳ್ಳೇ ಬುದ್ಧಿಮಾತು ಅದೊಂದಽ. ಮೊದಲಽ ಹೇಳಿದ್ರ ಎಷ್ಟು ಛಲೋ ಇತ್ತು! ಶುಕ್ರವಾರ ದಿನಾ ಪೂರಾ ಸಾಲ್ಯಾಗ ಕುಂತು ದುಂಡಪ್ಪ ಒಂದೊಂದಾಗಿ ತೆಗದ. ಇದಿಲ್ಲದ ನಡೀತೈತಾ? ನಡೀತೈತಿ, ಹೊರಗ. ಇದಿಲ್ಲದ? ನಡಿಯಂಗಿಲ್ಲ, ಒಳಗ. ಜಾಣ ಆಗಿದ್ರ, ಮುಂದ ಬೇಕಾದೀತು ಅಂತ ನಾಕು ಉಳಿಸತಿದ್ದ. ನಮ್ಮ ದುಂಡಪ್ಪ ಜಾಣ ಅಲ್ಲ, ಪುಣ್ಯಾ.

ಶನಿವಾರ ಹತ್ತಕ್ಕ ಅಕ್ಕೋರ ಮುಂದ ಗಂಟು ಚಾಲೂ ಮಾಡಿದ. ಕಣ್ಣು ಪಿಳಕಿಸೂದ್ರಾಗ ಎದ್ದು ನಿಂತು! ಅಕ್ಕೋರು ಕರೆಂಟಿನ ವಾಯರ್ ಕಿತ್ತರು, ಮತ್ತ ಹಚ್ಚಿದ್ರು. ಅವರು ಬಗ್ಗಿದವರು ನೆಟ್ಟಗಾಗೂದ್ರಾಗ ಪುಟ ಮತ್ತ ಬಂತು.

"ಒಳಗ ಹೊಕ್ಕು ಒಂಚೂರು ನೋಡ್ತೀನಿ ತಡಿ."

"ಹೊಗೂ ಬಾಗಲಾ ತೆಗದೀನ್ರಿ. ಅದು ಇಲ್ಲದಿದ್ರೂ ನಡೀತು."

"ಕಳ್ಳರು ಬಂದ್ರ?"

"ಬರಲ್ರಿ ಪಾಪ! ಹೊಗಾಕ ಬಾಗಲಾ ಇಲ್ಲ, ಹೊಕ್ಕರ ಒಳಗ ಕುಂದ್ರಾಕ ಜಾಗಾ ಇಲ್ಲ. ಮಂದಿ ಬಂದು ಕೇಳೂ ದಾರಿ, ಓಣಿ ಹೆಸರು ನೆನಪಿಡೂ ಜಾಗಾ, ಉತ್ತರ ಹೇಳೂ ಬಾಯಿ, ಇಷ್ಟಽ ಐತಿ."

ಅಕ್ಕೋರು ಅವನ ಕೈ ಎರಡೂ ಹಿಡದು ಕಣ್ಣಿಗೆ ಒತ್ತಿಕೊಂಡ್ರು. ಆಮ್ಯಾಲ ಸಣ್ಣದೊಂದು ಪೆನ್‌ಡ್ರೈವಿನಾಗ ಆ ಗಂಟಿನ ನಕಲು ಮಾಡಿ ಕೊಟ್ಟರು. "ಇದನ್ನ ಎಂದೂ ಮೈಯಿಂದ ದೂರ ಮಾಡಬ್ಯಾಡ. ಯಂತ್ರ ಕೆಟ್ಟರ ಇನ್ನೊಂದು ಯಂತ್ರಕ್ಕ ಇದನ್ನ ಹಚ್ಚು, ಸಾಕು." ದುಂಡಪ್ಪ ಅಲ್ಲೇ ಅಂಗಿ ಎತ್ತಿ ಅದನ್ನ ಉಡದಾರಕ್ಕ ಕಟಗೊಂಡ.

ಹನ್ನೆರಡರ ಬಸ್ಸಿಗೆ ಇಡೀ ಕುಂಬಾರ ಓಣಿ ಬಂದಿತ್ತು. ಯಾರೋ ಹೋಳಿಗಿ ತಂದ್ರು, ಯಾರೋ ಶೇಂಗಾ ಚಟ್ನಿ ತಂದ್ರು. ಕಾಶವ್ವ ತೆಳ್ಳಾನ ರೊಟ್ಟಿ ಇಪ್ಪತ್ತು ಬಡದು ಬುತ್ತಿ ಕಟ್ಟಿ ಕೊಟ್ಟಳು. "ನಿಮ್ಮ ಉಪಕಾರ ಏಳು ಜನ್ಮಕ್ಕೂ ಮುಟ್ಟಂಗಿಲ್ರಿ ಅಕ್ಕೋರ. ನನ್ನ ಮಗನ್ನ ನಾ ಹಡದೆ, ಅವನ ಬೆಲಿ ನೀವು ತೋರಿಸಿದ್ರಿ." ಬಸ್ಸು ಹೋತು. ಪುಟ ಉಳೀತು. ದುಂಡಪ್ಪ ಎಬ್ಬಿಸಬೇಕಾಗಲಿಲ್ಲ, ಯಾರೂ ನೋಡಬೇಕಾಗಲಿಲ್ಲ.

ಮುಂದಿನ ಬುಧವಾರ ಮುಂಜಾನೆ ಪುಟದಾಗ ಬಂತು, ಇವತ್ತು ಕುಂಬಾರ ಓಣಿಗೆ ನೀರು. ಕಾಶವ್ವ ಬಗಬಗ ರೊಟ್ಟಿ ಬಡದು, ಹೊತ್ತಿಗೆ ಸರಿಯಾಗಿ ಮನಿಗೆ ಬಂದು, ನಳದ ಮುಂದ ಕೊಡಾ ಇಟ್ಟಳು. ನಳ ಬಂತು! ಓಣ್ಯಾಗ ಒಬ್ಬಾಕಿನೂ ತಪ್ಪಿಸಿಕೊಂಡಿರಲಿಲ್ಲ. ನಮ್ಮ ಕಡೆ ಒಂದು ಪದ್ಧತಿ ಐತಿ, ಹೊಸಾ ನೀರು ಬಂದಾಗ ಮೊದಲನೇ ತಂಬಿಗಿ ಯಾರೂ ಕುಡಿಯಂಗಿಲ್ಲ, ಗಂಗವ್ವನ್ನ ನೆನದು ನಳದ ಬುಡಕ್ಕ ಹಾಕ್ತಾರ. ಕಾಶವ್ವನ ಎದಿ ತುಂಬಿತ್ತು. ತಂಬಿಗಿ ತುಂಬಿ ಮಗನ ಕೈಯಾಗ ಕೊಟ್ಟಳು.

"ತಗೋ ಮಗನ, ಇವತ್ತು ನಿನ್ನ ಕೈಲೆ ಆಗ್ಲಿ. ನಮಗ ನೀರು ತಂದುಕೊಟ್ಟದ್ದಕ್ಕ ಮೊದಲನೇ ತಂಬಿಗಿ ಹಾಕು."

"ಹ್ಞೂಂ ಯವ್ವಾ!" ಅಂದವನಽ ದುಂಡಪ್ಪ ತಂಬಿಗಿ ಹಿಡಕೊಂಡು ಓಡಿದ. ಓಣಿ ದಾಟಿದ, ಹನಿ ಚೆಲ್ಲದಂಗ ಓಡಿದ, ಸಾಲಿ ಹೊಕ್ಕ. ಕಾಶವ್ವಗ ಹೊಳದು, ಎದಿ ಬಡಕೋತ ಬೆನ್ನು ಹತ್ತಿ ಓಡಿ ಬರೂದ್ರಾಗ, ಅಂವ ಕೈ ಮುಗದು ಸರ್ವರಿನ ನೆತ್ತಿ ಮ್ಯಾಲ ತಂಬಿಗಿ ಬೋರಲ ಹಾಕಿದ್ದ. ಚಟಚಟ ಅಂತು, ಹೊಗಿ ಬಂತು, ಯಂತ್ರ ಸತ್ತಹೋತು.

"ಮನಿ ಹಾಳ ಮಾಡಿದ್ಯಲ್ಲೋ! ನಾ ಹೇಳಿದ್ದು ಮನ್ಯಾಗ ಮಾಡು ಅಂದಿದ್ದಿಲ್ಲೇನು!"

"ನೀರು ತಂದದ್ದು ಸಾಲ್ಯಾಗ ಇತ್ತಲ್ಲಬೇ!"

"ಇನ್ನೂ ಏಳು ಓಣಿ ಅದರ ಮ್ಯಾಲ ಕಣ್ಣಿಟ್ಟು ಕುಂತಾವೋ! ನಾಳೆ ಅವರಿಗೆ ಏನು ಹೇಳ್ಲಿ?"

ದುಂಡಪ್ಪ ಅಂಗಿ ಎತ್ತಿದ, ಉಡದಾರದಿಂದ ಪೆನ್‌ಡ್ರೈವ್ ಬಿಚ್ಚಿದ, ಬಾಜೂಕ ಇದ್ದ ಇನ್ನೊಂದು ಹಳೇ ಕಂಪ್ಯೂಟರಿಗೆ ಸತ್ತ ಯಂತ್ರದ ವಾಯರ್ ಕಿತ್ತು ಹಚ್ಚಿ, ಪೆನ್‌ಡ್ರೈವನ್ನೂ ಹಚ್ಚಿದ. ಕಾಶವ್ವ ಮುಂದಿನ ಬೈಗುಳಕ್ಕ ಉಸಿರು ತಗೊಳ್ಳೂದ್ರಾಗ ಪುಟ ಎದ್ದು ನಿಂತು. ಫೋನ್ ಮಾಡಿ ಹೇಳಿದ್ರು, ಯಮನೂರಪ್ಪ ಇನ್ನೊಮ್ಮೆ ಓಣಿ ಹೆಸರು ಒತ್ತಿದ, ಅದೂ ಬಂತು. ಕಾಶವ್ವ ಅಲ್ಲೇ ಬೆಂಚಿನ ಮ್ಯಾಲ ಕುಂತು, ಅಕ್ಕೋರು ಹೋದ ದಿಕ್ಕಿಗೆ ಕೈ ಮುಗದ್ಲು.

ಕಣ್ಣು ತೆಗದು ನೋಡ್ತಾಳ, ದುಂಡಪ್ಪ ಮೂಲ್ಯಾಗಿನ ಕುಡಿಯೂ ನೀರಿನ ಕೊಡದಾಗ ತಂಬಿಗಿ ಅದ್ದಾಕ ಹತ್ಯಾನ.

"ಏನೋ ಅದು!"

"ಮೊದಲನೇದು ಅದಕ್ಕಾತು. ಇದೂ ನೀರು ತರತೈತಲ್ಲಬೇ, ಇದಕ್ಕೊಂದು ತಂಬಿಗಿ ಬ್ಯಾಡಾ?"

ಕಾಶವ್ವ ಹಾರಿ ಬಂದು ಯಂತ್ರಕ್ಕ ಅಡ್ಡ ನಿಂತ್ಲು. "ಬ್ಯಾಡೋ! ಅದನ್ನ ಕಟ್ಟಿದಾಂವ ನೀನು, ನಿನ್ನ ಹಡದಾಕಿ ನಾನು! ಹಾಕೂದಽ ಇದ್ರ ನನಗ ಹಾಕು!"

"ಹ್ಞೂಂ ಯವ್ವಾ," ಅಂದ ದುಂಡಪ್ಪ. ಭಕ್ತಿಲೆ ಕಣ್ಣು ಮುಚ್ಚಿದ, ಅವ್ವನ ನೆತ್ತಿ ಮ್ಯಾಲ ತುಂಬಿದ ತಂಬಿಗಿ ಬೋರಲ ಹಾಕಿದ.