ಗುಹೆ ಕಾದ ನಾಯಿ

ಬಂಡೆ ಸಿಡಿಸುವವರ ಕಾಟಕ್ಕೆ ಸುತ್ತಲ ಬೆಟ್ಟಗಳ ಬಾವಲಿಗಳೆಲ್ಲ ಅಳಿದು, ಒಂದೇ ಗುಹೆಯಲ್ಲಿ ಕೆಲವು ಉಳಿದಿದ್ದವು. ಊರವರು ಒಗ್ಗಟ್ಟಾಗಿ ಸಿಡಿಮದ್ದು ನಿಲ್ಲಿಸಿದರು; ಗುಹೆಯ ಬಾಯಲ್ಲಿ ಒಂದು ನಾಯಿಯನ್ನು ಕಾವಲಿಗಿಟ್ಟರು. ಎಲೆ ಅಲುಗಿದರೂ ಅದು ಬೊಗಳುತ್ತಿತ್ತು.

ಒಂದು ಮಧ್ಯಾಹ್ನ ತಾಯಿ ಬಾವಲಿಯೊಂದು ಕೇಳಿತು: "ಅಣ್ಣಾ, ಯಾರಿಗಾಗಿ ಬೊಗಳುತ್ತೀಯ?"

"ನಿಮಗಾಗಿಯೇ, ತಾಯಿ."

"ನೀನು ಬೊಗಳಿದಾಗಲೆಲ್ಲ ಗುಹೆ ಗುಡುಗುತ್ತದೆ. ಬೆದರಿ ಹಾರುತ್ತೇವೆ, ಮರಿಗಳು ಎದೆಯಿಂದ ಜಾರುತ್ತವೆ. ನಿನ್ನೆ ಅಕ್ಕನ ಮರಿ ಬಿತ್ತು. ಮತ್ತೆ ಏಳಲಿಲ್ಲ."

ನಾಯಿಯ ಬಾಲ ಇಳಿಯಿತು. "ಬೊಗಳದಿದ್ದರೆ ನಾನು ಕಾಯುತ್ತಿದ್ದೇನೆಂದು ಊರಿಗೆ ತಿಳಿಯುವುದು ಹೇಗೆ?"

ಬಾವಲಿ ಉತ್ತರಿಸುವ ಮೊದಲೇ ಬೇಟೆಗಾರನೊಬ್ಬ ಬಲೆ ಹೊತ್ತು ಬಂದ. ನಾಯಿ ಬಾಯಿಗೆ ಬಂದ ಬೊಗಳಿಕೆಯನ್ನು ನುಂಗಿಕೊಂಡು, ಅವನ ಪಂಚೆಯನ್ನು ಕಚ್ಚಿ ಇಳಿಜಾರಿಗೆ ಎಳೆಯಿತು. ಅವನು ದೊಣ್ಣೆಯಿಂದ ಬಡಿದ. ನಾಯಿ ಕುಂಯ್ ಎನ್ನಲಿಲ್ಲ, ಹಿಡಿತ ಸಡಿಲಿಸಲೂ ಇಲ್ಲ. ಕೊನೆಗೆ ಪಂಚೆ ಹರಿದು, ಅವನು ಓಡಿದ.

ಸಂಜೆ ನಾಯಿಗೆ ಮುದ್ದೆ ತಂದ ಊರಿನ ಕೆಂಚಮ್ಮ ಗದರಿದಳು: "ಮಧ್ಯಾಹ್ನದಿಂದ ಸದ್ದೇ ಇಲ್ಲ. ಮಲಗಿಬಿಟ್ಟಿದ್ದೆಯಾ?"

ಗುಹೆಯೊಳಗೆ ಮರಿಗಳೆಲ್ಲ ತಾಯಂದಿರ ಎದೆಯಲ್ಲೇ ಇದ್ದವು. ಆದರೂ ಬೇಟೆಗಾರ ಮತ್ತೆ ಬಂದಾನೆಂದು, ಮುದ್ದೆ ಮುಟ್ಟದೆ, ನಾಯಿ ದಾರಿಯನ್ನೇ ನೋಡುತ್ತ ಕುಳಿತಿತ್ತು.